ಇಂಗ್ಲೆಂಡಿನ ಕಡಲ ಸೀಮೆಯಲ್ಲಿ ಒಂದು ವಾರ ತಣ್ಣಗೆ ಇರಬೇಕೆಂದರೆ: ಯಾವ ಕಡೆ, ಯಾವ ತಿಂಗಳು, ಎಂಥ ಕಾಟೇಜ್?

ಕಾಟೇಜ್ ಹುಡುಕುವವರು ಮೊದಲು ಕೇಳುವುದು "ಕಿಟಕಿಯಿಂದ ಸಮುದ್ರ ಕಾಣಿಸುತ್ತಾ?" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಸಮುದ್ರ ಕಾಣುವ ಮನೆ ಸಾಮಾನ್ಯವಾಗಿ ಬಂದರಿನ ಪಕ್ಕದಲ್ಲೇ ಇರುತ್ತದೆ. ಅಲ್ಲಿ ಪಬ್ಬು ಇದೆ, ಪಾರ್ಕಿಂಗ್ ಜಗಳ ಇದೆ, ಐಸ್‌ಕ್ರೀಮ್ ಕ್ಯೂ ಇದೆ. ಗಾಳಿ ಬೀಸಿದರೆ ನಿಂತ ಹಾಯಿದೋಣಿಗಳ ಕಂಬಕ್ಕೆ ಹಗ್ಗ ಬಡಿದು ರಾತ್ರಿಯಿಡೀ ಟಿಣ್ ಟಿಣ್. ಜೂನ್ ತಿಂಗಳಾದರೆ ಬೆಳಗಿನ ಜಾವ ನಾಲ್ಕಕ್ಕೇ ಕಡಲಹಕ್ಕಿಗಳು ಚಾವಣಿ ಮೇಲೆ ಕೂತು ಕಿರುಚಲು ಶುರು ಮಾಡುತ್ತವೆ. ಇಷ್ಟೆಲ್ಲದಕ್ಕೆ ಬಾಡಿಗೆಯೂ ಜಾಸ್ತಿ. ಅದೇ ಊರಿನಿಂದ ಎರಡು ಮೂರು ಮೈಲಿ ಒಳಗೆ, ಹೊಲಗಳ ನಡುವೆ ಮನೆ ಹಿಡಿದರೆ ಕಡಿಮೆ ದುಡ್ಡಿಗೆ ನಿಜವಾದ ನಿಶ್ಶಬ್ದ ಸಿಗುತ್ತದೆ. ಸಮುದ್ರಕ್ಕೆ ಕಾರಿನಲ್ಲಿ ಹತ್ತು ನಿಮಿಷ, ಅಷ್ಟೇ.

ಇಂಗ್ಲೆಂಡಿನಲ್ಲೇ ಇರುವ ಕನ್ನಡದವರನ್ನು, ಅದರಲ್ಲೂ ಊರಿನಿಂದ ಅಪ್ಪ ಅಮ್ಮ ಬಂದಾಗ ಎಲ್ಲಿಗೆ ಕರೆದುಕೊಂಡು ಹೋಗೋಣ ಎಂದು ತಲೆ ಕೆಡಿಸಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಐದು ಸೀಮೆಗಳನ್ನು ತೆಗೆದುಕೊಂಡಿದ್ದೇನೆ. ಎಲ್ಲಕ್ಕೂ ಸಮನಾದ ಜಾಗ ಕೊಟ್ಟಿಲ್ಲ, ಯಾಕೆಂದರೆ ಎಲ್ಲವೂ ನನಗೆ ಸಮನಾಗಿ ಇಷ್ಟವಿಲ್ಲ.

ಊರಿಗಿಂತ ಮೊದಲು ತಿಂಗಳು

ಇಲ್ಲಿನ ಶಾಲೆಗಳಿಗೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ದಿನಗಳವರೆಗೆ ಸುಮಾರು ಆರು ವಾರ ಬೇಸಿಗೆ ರಜೆ. ಆ ಆರು ವಾರ ಕಡಲ ತೀರದ ಹೆಸರಾದ ಯಾವ ಊರೂ ಶಾಂತವಾಗಿರುವುದಿಲ್ಲ. ಬಾಡಿಗೆ ಏರುತ್ತದೆ. ಎರಡು ಮೂರು ರಾತ್ರಿಗೆ ಮನೆ ಸಿಗುವುದು ಅಪರೂಪ. ಶುಕ್ರವಾರದಿಂದ ಶುಕ್ರವಾರ ಅಥವಾ ಶನಿವಾರದಿಂದ ಶನಿವಾರ ಎಂದು ಪೂರ್ತಿ ವಾರವನ್ನೇ ತೆಗೆದುಕೊಳ್ಳಬೇಕು. ಈಸ್ಟರ್‌ನ ಎರಡು ವಾರ, ಮೇ ಮತ್ತು ಅಕ್ಟೋಬರ್ ಕೊನೆಯ ಹಾಫ್ ಟರ್ಮ್ ಎನ್ನುವ ಶಾಲಾ ರಜೆ ಕೂಡ ಹೆಚ್ಚುಕಡಿಮೆ ಹೀಗೇ.

ಶಾಲೆಗೆ ಹೋಗುವ ಮಕ್ಕಳಿದ್ದರೆ ಬೇರೆ ದಾರಿಯಿಲ್ಲ. ಶಾಲೆ ತಪ್ಪಿಸಿ ರಜೆಗೆ ಹೋದರೆ ಮಗುವೊಂದಕ್ಕೆ ಅಪ್ಪನಿಗೆ 80 ಪೌಂಡ್, ಅಮ್ಮನಿಗೆ 80 ಪೌಂಡ್ ದಂಡ ಬೀಳಬಹುದು. ತಡ ಮಾಡಿದರೆ ಅದು ದುಪ್ಪಟ್ಟು. ಅಂಥ ಕಟ್ಟುಪಾಡು ಇಲ್ಲದವರು ಜೂನ್ ಅಥವಾ ಸೆಪ್ಟೆಂಬರ್ ಹಿಡಿಯಿರಿ. ಜೂನ್‌ನಲ್ಲಿ ಹಗಲು ಉದ್ದ. ಉತ್ತರದ ನಾರ್ತಂಬರ್ಲೆಂಡಿನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತರ ಹತ್ತಿರ. ಊಟ ಮುಗಿಸಿ ಬೀಚಿಗೆ ಹೋಗಬಹುದು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು, ಆದರೆ ಬಾಡಿಗೆ ತುಂಬಾ ಇಳಿದಿರುತ್ತದೆ. ಬೆಂಕಿ ಮುಂದೆ ಕೂತು ಓದಬೇಕು, ನಿದ್ದೆ ಹೊಡೆಯಬೇಕು ಅನ್ನುವವರಿಗೆ ಅದೂ ಒಳ್ಳೆಯದೇ.

ಅಪ್ಪ ಅಮ್ಮ ಜೊತೆಗಿದ್ದರೆ ಉತ್ತರ ನಾರ್ಫೋಕ್

ಹನ್‌ಸ್ಟಾಂಟನ್‌ನಿಂದ ಕ್ರೋಮರ್‌ವರೆಗಿನ ತೀರ ಇದು. ದೊಡ್ಡ ಅನುಕೂಲವೆಂದರೆ ಬಹುಪಾಲು ನೆಲ ಸಮತಟ್ಟು. ಮಂಡಿ ನೋವಿದ್ದವರೂ ಒಂದು ಗಂಟೆ ಆರಾಮಾಗಿ ನಡೆಯಬಹುದು. ದೇಶದ ಪೂರ್ವ ಭಾಗವಾದ್ದರಿಂದ ಪಶ್ಚಿಮಕ್ಕಿಂತ ಮಳೆಯೂ ಕಡಿಮೆ. ಕಾಟೇಜ್‌ಗಳ ಗೋಡೆ ಚಕಮಕಿ ಕಲ್ಲಿನದು. ಬೂದು ಬಣ್ಣದ ಗುಂಡು ಕಲ್ಲುಗಳನ್ನು ಸಾಲಾಗಿ ಕೂರಿಸಿ, ಮೂಲೆಗಳಿಗೆ ಕೆಂಪು ಇಟ್ಟಿಗೆ ಕಟ್ಟಿ, ಮೇಲೆ ಕೆಂಪು ಹಂಚು ಹೊದಿಸಿರುತ್ತಾರೆ.

ಒಂದು ವಿಷಯ ಮೊದಲೇ ಗೊತ್ತಿರಲಿ. ಬ್ಲೇಕ್ನಿ, ಕ್ಲೈ ಇಂಥ ಊರುಗಳು ನಕ್ಷೆಯಲ್ಲಿ ಕಡಲಂಚಿನಲ್ಲಿ ಕಾಣುತ್ತವೆ, ಆದರೆ ಊರಿಗೂ ಸಮುದ್ರಕ್ಕೂ ನಡುವೆ ಉಪ್ಪು ನೀರಿನ ಜೌಗು ಇದೆ. ಕ್ಲೈ ಊರಿನಿಂದ ಅಲೆ ನೋಡಲು ಸುಮಾರು ಒಂದು ಮೈಲಿ ಹೋಗಬೇಕು. ಅಲ್ಲಿ ಸಿಗುವುದೂ ಮರಳಲ್ಲ, ಬೆಣಚುಕಲ್ಲಿನ ದಂಡೆ. ಇದನ್ನು ತಿಳಿಯದೆ ಬಂದವರಿಗೆ ಮೊದಲ ದಿನ ಸಪ್ಪೆ ಅನ್ನಿಸುತ್ತದೆ. ಎರಡನೇ ದಿನದ ಹೊತ್ತಿಗೆ ಜೌಗಿನ ಮೇಲೇ ಕಣ್ಣು ನಿಲ್ಲುತ್ತದೆ. ಜುಲೈನಲ್ಲಿ ಅದರ ಮೇಲೆ ನೇರಳೆ ಹೂವು. ಭರತ ಏರಿದಾಗ ಹಾವಿನಂತೆ ಹರಿದ ಕಾಲುವೆಗಳಲ್ಲಿ ನೀರು ತುಂಬಿ, ಕೆಸರಲ್ಲಿ ವಾಲಿ ಬಿದ್ದಿದ್ದ ದೋಣಿಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಚಳಿಗಾಲದ ಸಂಜೆ ಸಾವಿರಾರು ಬಾತುಗಳು ಸಾಲುಗಟ್ಟಿ ಹಾರಿ ಬರುತ್ತವೆ. ಕ್ಲೈ ಜೌಗನ್ನು ಹಕ್ಕಿಗಳಿಗಾಗಿ ಕೊಂಡು ಉಳಿಸಿದ್ದು 1926ರಲ್ಲಿ; ಬ್ರಿಟನ್ನಿನ ಮೊದಲ ಕೌಂಟಿ ಮಟ್ಟದ ವನ್ಯಜೀವಿ ಟ್ರಸ್ಟ್ ಹುಟ್ಟಿದ್ದೇ ಹಾಗೆ.

ಮರಳೇ ಬೇಕಾದವರಿಗೆ ಹೋಲ್ಕಮ್ ಇದೆ. ಪೈನ್ ಮರಗಳ ನಡುವೆ ದಾಟಿ ಹೋದರೆ ಎದುರಿಗೆ ಬಯಲಿನಂಥ ಮರಳು. ಇಳಿತದ ಹೊತ್ತಿನಲ್ಲಿ ಸಮುದ್ರ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ದೂರ. ಪಕ್ಕದ ವೆಲ್ಸ್ ಎಂಬ ಊರಿನಲ್ಲಿ ನೀರು ಏರುವ ಮುಂಚೆ ಸೈರನ್ ಕೂಗಿಸುತ್ತಾರೆ. ಅದನ್ನು ಸುಮ್ನೆ ಕೂಗು ಅಂದುಕೊಳ್ಳಬೇಡಿ. ಅಲ್ಲಿ ನೀರು ಮುಂದಿನಿಂದ ಮಾತ್ರ ಬರುವುದಿಲ್ಲ. ಹಿಂದಿನ ಕಾಲುವೆಯೂ ತುಂಬಿ, ನೀವು ನಿಂತ ಮರಳು ನಡುಗಡ್ಡೆಯಾಗಿಬಿಡುತ್ತದೆ.

ವಯಸ್ಸಾದವರಿಗೆ ತುಂಬಾ ಹಿಡಿಸುವುದು ಮಾರ್ಸ್ಟನ್ ಕಟ್ಟೆಯಿಂದ ಹೊರಡುವ ಸೀಲ್ ಬೋಟ್. ಕೂತಲ್ಲಿಂದಲೇ ಬ್ಲೇಕ್ನಿ ಪಾಯಿಂಟ್ ತುದಿಯಲ್ಲಿ ಮಲಗಿರುವ ಸೀಲ್‌ಗಳನ್ನು ನೋಡಬಹುದು. ಬೋಟ್ ಹೊರಡುವ ಸಮಯ ಭರತದ ಮೇಲೆ ನಿಂತಿದೆ, ಆದ್ದರಿಂದ ದಿನಕ್ಕೊಂದು ಹೊತ್ತು. ಬೂದು ಸೀಲ್‌ಗಳು ಮರಿ ಹಾಕುವುದು ನವೆಂಬರ್‌ನಿಂದ ಜನವರಿವರೆಗೆ.

ತೊಂದರೆಗಳೂ ಇವೆ. ಆಗಸ್ಟ್‌ನಲ್ಲಿ ಕಡಲ ಪಕ್ಕದ ಎ149 ರಸ್ತೆ ಆಮೆಯಂತೆ ಸಾಗುತ್ತದೆ. ಬರ್ನಮ್ ಮಾರ್ಕೆಟ್‌ನಂಥ ಊರಿನಲ್ಲಿ ಲಂಡನ್ನಿನ ದುಡ್ಡು ಬಂದು ಕೂತಿದೆ, ಬೆಲೆಗಳೂ ಹಾಗೇ. ಮಾರಮ್ ವಾಯುನೆಲೆಯ ಯುದ್ಧವಿಮಾನಗಳು ವಾರದ ದಿನಗಳಲ್ಲಿ ಆಗಾಗ ತಲೆ ಮೇಲೆ ಗುಡುಗಿ ಹೋಗುತ್ತವೆ. ನನ್ನ ಆಯ್ಕೆ ಬಿನಮ್ ಸುತ್ತಮುತ್ತ. ಹಳೆಯ ಮಠದ ಅವಶೇಷ ಇರುವ ಸಣ್ಣ ಊರು, ಕಡಲಿಗೆ ಮೂರು ನಾಲ್ಕು ಮೈಲಿ.

ನಿಶ್ಶಬ್ದವೇ ಬೇಕಿದ್ದರೆ ನಾರ್ತಂಬರ್ಲೆಂಡ್

ಐದರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಇದನ್ನೇ ಹೇಳುವುದು. ಇಂಗ್ಲೆಂಡಿನಲ್ಲಿ ಜನ ಅತಿ ವಿರಳವಾಗಿರುವ ಕೌಂಟಿಗಳಲ್ಲಿ ಇದೊಂದು. ಎಂಬಲ್ಟನ್ ಕೊಲ್ಲಿಯ ಮರಳಿನ ಮೇಲೆ ಆಗಸ್ಟ್‌ನಲ್ಲೂ ಒಂದು ಗುಂಪಿಗೂ ಇನ್ನೊಂದು ಗುಂಪಿಗೂ ನಡುವೆ ಧಾರಾಳ ಜಾಗ. ಆ ತುದಿಯಲ್ಲಿ ಡನ್‌ಸ್ಟನ್‌ಬರ ಕೋಟೆಯ ಮುರಿದ ಗೋಪುರಗಳು. ಕೋಟೆ ಕಟ್ಟಲು ಶುರು ಮಾಡಿದ್ದು 1313ರಲ್ಲಿ. ಅಲ್ಲಿಗೆ ರಸ್ತೆಯಿಲ್ಲ. ಕ್ರಾಸ್ಟರ್ ಊರಿನಿಂದ ಹುಲ್ಲಿನ ಮೇಲೆ ಎರಡು ಕಿಲೋಮೀಟರ್ ನಡೆಯಬೇಕು, ಒಂದು ಕಡೆ ಕುರಿ, ಇನ್ನೊಂದು ಕಡೆ ಅಲೆ. ಕ್ರಾಸ್ಟರ್‌ನಲ್ಲಿ ಹೆರಿಂಗ್ ಮೀನನ್ನು ಓಕ್ ಹೊಗೆಯಲ್ಲಿ ಹದ ಮಾಡಿ ಕಿಪ್ಪರ್ ಮಾಡುತ್ತಾರೆ. ನಮ್ಮ ಕರಾವಳಿಯವರು ಜೊತೆಗಿದ್ದರೆ ಒಂದು ಜೋಡಿ ಕಟ್ಟಿಸಿಕೊಳ್ಳದೆ ಬರುವುದಿಲ್ಲ.

ಹೋಲಿ ಐಲ್ಯಾಂಡ್, ಅಂದರೆ ಲಿಂಡಿಸ್‌ಫಾರ್ನ್, ಇದೇ ತೀರದಲ್ಲಿದೆ. 635ರಲ್ಲಿ ಮಠ ಶುರುವಾದ ಜಾಗ, 793ರಲ್ಲಿ ವೈಕಿಂಗರು ಲೂಟಿ ಮಾಡಿದ ಜಾಗ. ದಡದಿಂದ ದ್ವೀಪಕ್ಕೆ ಹೋಗುವ ರಸ್ತೆ ದಿನಕ್ಕೆ ಎರಡು ಸಲ ಸಮುದ್ರದಲ್ಲಿ ಮುಳುಗುತ್ತದೆ. ದಾಟುವ ವೇಳಾಪಟ್ಟಿಯನ್ನು ಕೌಂಟಿ ಕೌನ್ಸಿಲ್ ಪ್ರಕಟಿಸುತ್ತದೆ. ಆದರೂ "ಇನ್ನೂ ಸ್ವಲ್ಪವೇ ನೀರಿದೆ, ಹೋಗ್ಬಿಡೋಣ" ಎಂದು ನುಗ್ಗಿ ಕಾರು ಮುಳುಗಿಸಿಕೊಳ್ಳುವವರು ಪ್ರತಿವರ್ಷ ಇದ್ದೇ ಇರುತ್ತಾರೆ. ಅಂಥವರಿಗಾಗಿ ದಾರಿ ಮಧ್ಯೆ ಎತ್ತರದ ಕಂಬಗಳ ಮೇಲೆ ಒಂದು ಮರದ ಗೂಡು ಕಟ್ಟಿದ್ದಾರೆ. ಕಾರು ಬಿಟ್ಟು ಹತ್ತಿ ಕೂರಬೇಕು, ರಕ್ಷಣಾ ದೋಣಿ ಬರುವವರೆಗೆ.

ಹಗಲು ನೀರಿಳಿದಾಗ ದ್ವೀಪ ಜಾತ್ರೆಯಂತಿರುತ್ತದೆ, ಬಸ್ಸುಗಟ್ಟಲೆ ಜನ. ಗುಟ್ಟು ಏನೆಂದರೆ, ದ್ವೀಪದ ಮೇಲೇ ಕಾಟೇಜ್ ಹಿಡಿಯುವುದು. ನೀರು ಏರುವ ಹೊತ್ತಿಗೆ ದಿನದ ಮಟ್ಟಿಗೆ ಬಂದವರೆಲ್ಲ ಹೊರಟುಹೋಗುತ್ತಾರೆ. ಮುಂದಿನ ನಾಲ್ಕೈದು ಗಂಟೆ ಯಾರೂ ಬರುವಂತಿಲ್ಲ, ನೀವೂ ಹೋಗುವಂತಿಲ್ಲ. ಹಾಲು, ಮಾತ್ರೆ, ಮಗುವಿನ ಡಯಾಪರ್ ಮೊದಲೇ ತಂದಿಟ್ಟುಕೊಂಡಿರಬೇಕು. ಆಗಾಗ ಆಸ್ಪತ್ರೆಗೆ ಓಡಬೇಕಾದವರು ಮನೆಯಲ್ಲಿದ್ದರೆ ದ್ವೀಪ ಬೇಡ, ದಡದ ಮೇಲೇ ಇರಿ.

ಪಫಿನ್ ಹಕ್ಕಿ ನೋಡಲು ಸೀಹೌಸಸ್‌ನಿಂದ ಫಾರ್ನ್ ದ್ವೀಪಗಳಿಗೆ ಬೋಟ್ ಇದೆ. ಜುಲೈ ಕೊನೆಯ ಹೊತ್ತಿಗೆ ಪಫಿನ್‌ಗಳು ಜಾಗ ಖಾಲಿ ಮಾಡುತ್ತವೆ, ಹಾಗಾಗಿ ಆಗಸ್ಟ್‌ಗೆ ಬಂದು ಹುಡುಕಬೇಡಿ. ದ್ವೀಪದ ಮೇಲೆ ಇಳಿಯುವುದಾದರೆ ಟೋಪಿ ಕಡ್ಡಾಯ. ಗೂಡು ಕಾಯುವ ಟರ್ನ್ ಹಕ್ಕಿಗಳು ನೇರ ನೆತ್ತಿಗೇ ಕುಕ್ಕುತ್ತವೆ, ರಕ್ತ ಬರುವಷ್ಟು.

ಇಲ್ಲಿ ಎರಡು ಕಷ್ಟ. ಒಂದು ಚಳಿ. ಆಗಸ್ಟ್‌ನಲ್ಲೂ ಸಮುದ್ರದ ನೀರು 13–14 ಡಿಗ್ರಿ. ವಸಂತ ಮತ್ತು ಬೇಸಿಗೆಯ ಶುರುವಿನಲ್ಲಿ ಸಮುದ್ರದಿಂದ ದಟ್ಟ ಮಂಜು ಎದ್ದು ಬರುತ್ತದೆ. ಸ್ಥಳೀಯರು ಅದನ್ನು ಫ್ರೆಟ್ ಅನ್ನುತ್ತಾರೆ. ತೀರದಲ್ಲಿ ಸ್ವೆಟರ್ ಹಾಕಿಕೊಂಡು ನಡುಗುತ್ತಿದ್ದರೆ ಐದು ಮೈಲಿ ಒಳಗೆ ಬಿಸಿಲು. ಇನ್ನೊಂದು ಕಷ್ಟ ದೂರ. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಈ ತೀರದ ಆನ್‌ಮತ್ ನಿಲ್ದಾಣಕ್ಕೆ ರೈಲಿನಲ್ಲಿ ನಾಲ್ಕು ಗಂಟೆಯ ಹತ್ತಿರ, ಕಾರಿನಲ್ಲಾದರೆ ಆರು ಗಂಟೆಗೂ ಜಾಸ್ತಿ. ಮೂರು ದಿನಕ್ಕೆ ಹೋಗಿ ಬರುವ ಜಾಗವಲ್ಲ. ನ್ಯೂಕಾಸಲ್, ಎಡಿನ್‌ಬರದಲ್ಲಿರುವವರು ಅದೃಷ್ಟವಂತರು, ಅವರಿಗೆ ಇದು ಹಿತ್ತಲು. ತಂಗಲು ಎಂಬಲ್ಟನ್ ಅಥವಾ ಅದರ ಒಳಗಿನ ಹಳ್ಳಿಗಳನ್ನು ನೋಡಿ. ಸೀಹೌಸಸ್ ಬೋಟಿಗೆ, ಚಿಪ್ಸಿಗೆ ಸರಿ, ಶಾಂತಿಗೆ ಅಲ್ಲ.

ಯಾರ್ಕ್‌ಷೈರ್: ಮಂಡಿ ಗಟ್ಟಿ ಇದ್ದವರಿಗೆ

ಕ್ಯಾಲೆಂಡರ್‌ಗಳಲ್ಲಿ ನೋಡುವ ಕೆಂಪು ಹಂಚಿನ, ಒಂದರ ಮೇಲೊಂದು ಹತ್ತಿ ಕೂತಂಥ ಮನೆಗಳು ಸ್ಟೇತ್ಸ್ ಮತ್ತು ರಾಬಿನ್ ಹುಡ್ಸ್ ಬೇ ಊರಿನವು. ಹೆಸರಾಂತ ನಾವಿಕ ಜೇಮ್ಸ್ ಕುಕ್ ಹಡಗು ಹತ್ತುವ ಮುಂಚೆ, ಹುಡುಗನಾಗಿದ್ದಾಗ, ಅಂಗಡಿ ಕೆಲಸಕ್ಕಿದ್ದದ್ದು ಸ್ಟೇತ್ಸ್‌ನಲ್ಲಿ. ನೋಡಲು ಇವುಗಳಷ್ಟು ಚೆಂದದ ಊರು ಈ ಪಟ್ಟಿಯಲ್ಲಿ ಇನ್ನೊಂದಿಲ್ಲ. ಆದರೆ ಕಾರನ್ನು ಮೇಲೆ ಬಿಟ್ಟು, ಕಡಿದಾದ ಇಳಿಜಾರಿನಲ್ಲಿ ಸಾಮಾನು ಕೈಯಲ್ಲೇ ಇಳಿಸಬೇಕು. ಅಕ್ಕಿ ಮೂಟೆ, ಕುಕ್ಕರ್, ನಾಲ್ಕು ಸೂಟ್‌ಕೇಸ್ ಎಂದು ಹೊರಡುವ ನಮ್ಮಂಥವರು ಇದನ್ನು ಯೋಚಿಸಿಯೇ ಬುಕ್ ಮಾಡಬೇಕು. ಮನೆಯೊಳಗೂ ಅದೇ ಕಥೆ: ಮೀನುಗಾರರ ಹಳೆಯ ಮನೆಗಳು, ಒಂದು ಮಹಡಿಗೆ ಒಂದೇ ಕೋಣೆ, ಏಣಿಯಂಥ ಮೆಟ್ಟಿಲು. ಗೋಡೆ ಪಕ್ಕದ ಮನೆಯವರದ್ದೂ ಹೌದು, ಅವರ ಟಿವಿ ನಿಮಗೂ ಕೇಳುತ್ತದೆ. ಹಗಲು ಗಿಜಿಗಿಜಿ, ಸಂಜೆ ಆರರ ಮೇಲೆ ಶಾಂತ. ಇಬ್ಬರೇ ಹೋಗುವುದಾದರೆ ಮಾರ್ಚ್‌ನಲ್ಲೋ ನವೆಂಬರ್‌ನಲ್ಲೋ ಹೋಗಿ. ಆಗಸ್ಟ್‌ನಲ್ಲಿ ಹೋಗಲೇಬೇಕಾದರೆ ಒಳಗಿನ ಮೂರ್ಸ್ ಗುಡ್ಡದ ಕಡೆ ಮನೆ ಹಿಡಿಯಿರಿ. ಆ ತಿಂಗಳು ಗುಡ್ಡಕ್ಕೆ ಗುಡ್ಡವೇ ಹೆದರ್ ಹೂವಿನಿಂದ ನೇರಳೆಯಾಗಿರುತ್ತದೆ.

ಡಾರ್ಸೆಟ್: ಮಕ್ಕಳಿಗೆ

ಇಲ್ಲಿನ ಆಕರ್ಷಣೆ ಪಳೆಯುಳಿಕೆ. ಸುಮಾರು 155 ಕಿಲೋಮೀಟರ್ ಉದ್ದದ ಜುರಾಸಿಕ್ ತೀರ 2001ರಿಂದ ವಿಶ್ವ ಪರಂಪರೆಯ ತಾಣ. ಲೈಮ್ ರೀಜಿಸ್‌ನ ಮೇರಿ ಆನಿಂಗ್ ಎಂಬ ಬಡವರ ಮನೆಯ ಹುಡುಗಿ 1810ರ ದಶಕದ ಶುರುವಿನಲ್ಲಿ ಇಲ್ಲಿಂದಲೇ ಇಕ್ಥಿಯೊಸಾರ್ ಎಂಬ ಪುರಾತನ ಕಡಲ ಸರೀಸೃಪದ ಅಸ್ಥಿ ಹೆಕ್ಕಿ ತೆಗೆದಳು. ಚಾರ್ಮತ್ ಬೀಚಿನಲ್ಲಿ ನೀರು ಇಳಿಯುವಾಗ ಬಗ್ಗಿ ಹುಡುಕಿದರೆ ಮಕ್ಕಳಿಗೂ ಅಮೋನೈಟ್ ಎಂಬ ಸುರುಳಿ ಚಿಪ್ಪಿನ ಪಳೆಯುಳಿಕೆ ಸಿಗಬಹುದು. ಬಂಡೆಯ ಬುಡಕ್ಕೆ ಮಾತ್ರ ಹೋಗಬೇಡಿ, ಮೇಲಿನಿಂದ ಮಣ್ಣು ಕುಸಿಯುತ್ತಲೇ ಇರುತ್ತದೆ. ಚೆಸಿಲ್ ಬೀಚ್ 29 ಕಿಲೋಮೀಟರ್ ಉದ್ದದ ಬೆಣಚುಕಲ್ಲಿನ ದಿಬ್ಬ. ದಡ ಥಟ್ಟನೆ ಆಳವಾಗುತ್ತದೆ, ಮಕ್ಕಳನ್ನು ನೀರಿಗೆ ಬಿಡುವ ಜಾಗವಲ್ಲ. ಲಲ್ವರ್ತ್ ಕಡೆ ಸೈನ್ಯದ ಗುಂಡಿನ ಅಭ್ಯಾಸ ನಡೆಯುತ್ತದೆ, ವಾರದ ದಿನಗಳಲ್ಲಿ ಶಾಂತಿ ಹುಡುಕಿ ಅಲ್ಲಿಗೆ ಹೋಗಬೇಡಿ. ಬರ್ಟನ್ ಬ್ರಾಡ್‌ಸ್ಟಾಕ್‌ನ ಹಿಂದಿನ ಬ್ರೈಡ್ ಕಣಿವೆ ಒಳ್ಳೆಯದು.

ಕಾರ್ನ್‌ವಾಲ್: ಹೋಗಿ, ಆದರೆ ಬೇಸಿಗೆ ರಜೆಯಲ್ಲಿ ಅಲ್ಲ

ಎಲ್ಲರೂ ಮೊದಲು ಹೆಸರು ಹೇಳುವುದು ಇದನ್ನೇ, ಅದೇ ಇದರ ತೊಂದರೆ. ಆಗಸ್ಟ್ ಶನಿವಾರ ಎ30 ರಸ್ತೆ ನೋಡಿದರೆ ಸಾಕು. ಒಳಗಿನ ದಾರಿಗಳು ಒಂದೇ ಕಾರಿನಗಲ. ಎರಡೂ ಬದಿ ಹಸಿರು ಬೇಲಿ ಎಂದುಕೊಂಡು ಕಾರು ಒತ್ತಿದರೆ ಕರ್ ಎಂದು ಸದ್ದು, ಯಾಕೆಂದರೆ ಆ ಹಸಿರಿನೊಳಗೆ ಇರುವುದು ಕಲ್ಲಿನ ಗೋಡೆ. ಬಿಳಿ ಬಿಲ್ಲೆಯ ಮೇಲೆ ಕಪ್ಪು ಗೀಟು ಇರುವ ಫಲಕ ಕಂಡರೆ 60 ಮೈಲಿ ವೇಗಕ್ಕೆ ಅನುಮತಿ ಇದೆ ಎಂದರ್ಥ. ಅಲ್ಲಿ 20ರಲ್ಲಿ ಹೋಗುವವನೇ ಜಾಣ. ಎದುರಿಗೆ ಟ್ರ್ಯಾಕ್ಟರ್ ಬಂದರೆ ರಿವರ್ಸ್ ಹೋಗಬೇಕಾದವರು ನೀವೇ.

ಮಾರ್ಚ್, ಏಪ್ರಿಲ್‌ನಲ್ಲಿ, ಈಸ್ಟರ್ ರಜೆ ಬಿಟ್ಟು, ಕಾರ್ನ್‌ವಾಲ್ ಬೇರೆಯೇ. ಉಳಿದ ಇಂಗ್ಲೆಂಡಿಗಿಂತ ಮೊದಲೇ ಇಲ್ಲಿ ಹೂವು ಬಿಡುತ್ತದೆ, ಚಳಿಯೂ ಮೆದು. ರೋಸ್‌ಲ್ಯಾಂಡ್‌ನ ಪೋರ್ಟ್‌ಸ್ಕ್ಯಾಥೊ ಸುತ್ತ, ಅಥವಾ ಬ್ರಿಟನ್ ಮುಖ್ಯನೆಲದ ದಕ್ಷಿಣ ತುದಿಯಾದ ಲಿಜರ್ಡ್‌ನಲ್ಲಿ ನೋಡಿ. ಪ್ಯಾಡಿಂಗ್ಟನ್‌ನಿಂದ ಪೆನ್‌ಜಾನ್ಸ್‌ಗೆ ರಾತ್ರಿ ರೈಲು ಇದೆ, ಮಲಗಿ ಎದ್ದರೆ ಕಾರ್ನ್‌ವಾಲ್. ಇನ್ನೊಂದು ಮಾತು. ರಜೆ ಮನೆಗಳಿಂದಾಗಿ ಸ್ಥಳೀಯರಿಗೇ ಮನೆ ಸಿಗದಂತಾಗಿರುವುದು ಇಲ್ಲಿ ದೊಡ್ಡ ಜಗಳ. ಸೇಂಟ್ ಐವ್ಸ್ ಊರಿನವರು 2016ರಲ್ಲಿ ಮತ ಹಾಕಿ, ಹೊಸದಾಗಿ ಕಟ್ಟುವ ಮನೆಗಳು ಎರಡನೇ ಮನೆಯಾಗದಂತೆ ಮಾಡಿಕೊಂಡರು. ರೈತರು ತಮ್ಮ ಅಂಗಳದ ಕೊಟ್ಟಿಗೆಯನ್ನೇ ಮನೆ ಮಾಡಿ ಬಾಡಿಗೆಗೆ ಕೊಡುತ್ತಾರಲ್ಲ, ಅಂಥದ್ದನ್ನು ಹಿಡಿದರೆ ನನಗೆ ಸ್ವಲ್ಪ ಸಮಾಧಾನ.

ಮನೆಯೊಳಗಿನ ವಿಷಯ

ಸೀಮೆ ಯಾವುದೇ ಆಗಲಿ, ರಜೆ ಕೆಡುವುದು ಹೆಚ್ಚಾಗಿ ಅಡುಗೆಮನೆಯಲ್ಲಿ ಮತ್ತು ಮೆಟ್ಟಿಲ ಮೇಲೆ.

ಹೊಸದಾಗಿ ರಿಪೇರಿ ಮಾಡಿದ ಕಾಟೇಜ್‌ಗಳಲ್ಲಿ ಬಹಳಷ್ಟು ಕಡೆ ಇಂಡಕ್ಷನ್ ಒಲೆ. ಊರಿನಿಂದ ತಂದ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಸುಮ್ನೆ ಕೂರುತ್ತದೆ, ಬಿಸಿಯೇ ಆಗುವುದಿಲ್ಲ. ಹೊರಡುವ ಮುಂಚೆ ಫ್ರಿಜ್ ಮೇಲಿನ ಆಯಸ್ಕಾಂತ ತೆಗೆದು ಕುಕ್ಕರ್ ತಳಕ್ಕೆ ಹಿಡಿಯಿರಿ. ಅಂಟಿಕೊಂಡರೆ ಸರಿ. ಹಳೆಯ ತೋಟದ ಮನೆಗಳಲ್ಲಿ ಆಗಾ ಎನ್ನುವ ಎರಕದ ಕಬ್ಬಿಣದ ದೊಡ್ಡ ಒಲೆ ಇರಬಹುದು. ಹಳೆಯವಾದರೆ ಸದಾ ಕಾದೇ ಇರುತ್ತವೆ, ಉರಿ ಏರಿಸಿ ಇಳಿಸಲು ಗುಂಡಿಯಿಲ್ಲ. ಹಾಲಿಟ್ಟು ಮರೆತರೆ ಮುಗಿಯಿತು, ಆದರೆ ಚಪಾತಿಗೆ ಅದರ ಬಿಸಿ ತಟ್ಟೆಯಂಥದ್ದು ಇನ್ನೊಂದಿಲ್ಲ.

ಒಗ್ಗರಣೆ ವಿಷಯ ಬೇರೆ. ಸ್ಮೋಕ್ ಅಲಾರಂ ಕಾಟೇಜ್‌ನ ತಗ್ಗು ಚಾವಣಿಯಲ್ಲಿ ಒಲೆಗೆ ಹತ್ತಿರವೇ ಇರುತ್ತದೆ. ಕಿಟಕಿ ತೆರೆದು, ಕೋಣೆಗಳ ಕಡೆಯ ಬಾಗಿಲು ಮುಚ್ಚಿ, ಸಾಸಿವೆ ಸಿಡಿದು ಉರಿ ಆರಿಸಿದ ಮೇಲೆ ಮೆಣಸಿನಕಾಯಿ ಹಾಕಿದರೆ ಅದು ಬಾಯಿ ತೆರೆಯುವುದಿಲ್ಲ. ಅಲಾರಂಗೆ ಬಟ್ಟೆ ಮುಚ್ಚುವ ಉಪಾಯ ಮಾತ್ರ ಬೇಡ. ಹುಲ್ಲಿನ ಚಾವಣಿಯ ಮನೆಯಲ್ಲಂತೂ ಅದು ಹುಡುಗಾಟವಲ್ಲ.

ಸಾರಿನ ಪುಡಿ, ಬೇಳೆ, ಕರಿಬೇವು ಮನೆಯಿಂದಲೇ ಒಯ್ಯಿರಿ. ನಾರ್ತಂಬರ್ಲೆಂಡಿನಲ್ಲಿ ಅವು ಬೇಕೆಂದರೆ ನ್ಯೂಕಾಸಲ್‌ಗೆ ಓಡಬೇಕು. ಹಳ್ಳಿ ಪಬ್ಬಿನ ಅಡುಗೆಮನೆ ರಾತ್ರಿ ಎಂಟೂವರೆ, ಒಂಬತ್ತಕ್ಕೆ ಮುಚ್ಚುತ್ತದೆ. ಸೋಮವಾರ ಪೂರ್ತಿ ಬಾಗಿಲು ಹಾಕುವವರೂ ಇದ್ದಾರೆ. ಸಸ್ಯಾಹಾರಿಗಳು ಗಮನಿಸಿ: ಯಾರ್ಕ್‌ಷೈರ್ ಮತ್ತು ಈಶಾನ್ಯದ ಎಷ್ಟೋ ಚಿಪ್ಸ್ ಅಂಗಡಿಗಳಲ್ಲಿ ಕರಿಯುವುದು ದನದ ಕೊಬ್ಬಿನಲ್ಲಿ. ಆಲೂಗಡ್ಡೆ ತಾನೇ ಎಂದು ಕೊಳ್ಳುವ ಮುಂಚೆ ಕೇಳಿ, ಅವರು ಬೇಜಾರಿಲ್ಲದೆ ಹೇಳುತ್ತಾರೆ.

ಮೆಟ್ಟಿಲಿಗೆ ಬಂದರೆ, ಫೋಟೋದಲ್ಲಿ ಅದನ್ನು ತೋರಿಸುವುದೇ ಇಲ್ಲ. ವಯಸ್ಸಾದವರಿದ್ದರೆ ಮಲಗುವ ಕೋಣೆ ಮತ್ತು ಟಾಯ್ಲೆಟ್ ಒಂದೇ ಮಹಡಿಯಲ್ಲಿವೆಯಾ ಎಂದು ಮಾಲೀಕರನ್ನು ನೇರವಾಗಿ ಕೇಳಿ. ಬಾತ್‌ಟಬ್ಬಿನ ಅಂಚು ದಾಟದೆ ಸ್ನಾನ ಮಾಡಬಹುದಾ ಎಂದೂ ಕೇಳಿ. ಬಚ್ಚಲಲ್ಲಿ ಬಕೆಟ್ಟು, ಚೊಂಬು ಇರುವುದಿಲ್ಲ, ಒಂದು ಚೊಂಬು ಕಾರಲ್ಲಿ ಹಾಕಿಕೊಂಡರೆ ಎಲ್ಲರಿಗೂ ನೆಮ್ಮದಿ. ಸೌದೆ ಒಲೆ ಇದ್ದರೆ ಮೊದಲ ಬುಟ್ಟಿ ಸೌದೆ ಮಾತ್ರ ಪುಕ್ಕಟೆ ಎನ್ನುವುದು ರೂಢಿ. ಆಮೇಲೆ ರಸ್ತೆ ಬದಿಯ ಡಬ್ಬಿಗೆ ದುಡ್ಡು ಹಾಕಿ ಮೂಟೆ ಎತ್ತಿಕೊಂಡು ಬರಬೇಕು. ದಪ್ಪ ಕಲ್ಲುಗೋಡೆಯ ಮನೆ ಬೆಚ್ಚಗಾಗಲು ಒಂದು ದಿನವೇ ಬೇಕು, ಹಾಗಾಗಿ ಹೀಟಿಂಗ್ ಹಿಂದಿನ ದಿನವೇ ಹಾಕಿಡಲು ಹೇಳಿ.

ದುಡ್ಡು ಕಟ್ಟುವ ಮುಂಚೆ ಮನೆಯ ವಿಳಾಸವನ್ನು ಉಪಗ್ರಹ ನಕ್ಷೆಯಲ್ಲಿ ಒಮ್ಮೆ ನೋಡಿಬಿಡಿ. ಪಬ್ಬಿನ ಹಿತ್ತಲು, ದನದ ದೊಡ್ಡಿ, ಮುಖ್ಯರಸ್ತೆ ಎಷ್ಟು ಹತ್ತಿರ ಎನ್ನುವುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಪಕ್ಕದ ಬಯಲಿನಲ್ಲಿ ಬೆಂಕಿಪೊಟ್ಟಣ ಜೋಡಿಸಿಟ್ಟ ಹಾಗೆ ಬಿಳಿ ಸಾಲುಗಳು ಕಂಡರೆ ಅದು ಕ್ಯಾರವಾನ್ ಪಾರ್ಕ್. ಜಾಹೀರಾತಿನಲ್ಲಿ ಅದರ ಸುದ್ದಿ ಇರುವುದಿಲ್ಲ. ಬೇಸಿಗೆಗಾದರೆ ಅಂಥ ಮನೆ ಬಿಟ್ಟು ಮುಂದಿನದನ್ನು ನೋಡಿ. ಜನವರಿ, ಫೆಬ್ರವರಿಗಾದರೆ ಪರವಾಗಿಲ್ಲ, ಆಗ ಇಂಥ ಪಾರ್ಕ್‌ಗಳು ಹೆಚ್ಚಿನವು ಬೀಗ ಹಾಕಿರುತ್ತವೆ.